ಜೀಪಿಗೆ ಎರಡು ತೋಳು

ತಮ್ಮಂದಿರಿಬ್ಬರೂ ಮಾತು ಬಿಟ್ಟ ಮೇಲೆ ಅಪ್ಪನ ಜೀಪು ಅಕ್ಕನ ಅಂಗಳಕ್ಕೆ ಬಂದು ನಿಂತಿತು. ದೊಡ್ಡವನ ಮನೆ ಮುಂದೆ ನಿಂತರೆ ಸಣ್ಣವನಿಗೆ ಹೊಟ್ಟೆಯುರಿ, ಸಣ್ಣವನ ಮನೆ ಮುಂದೆ ನಿಂತರೆ ದೊಡ್ಡವನಿಗೆ ತಲೆನೋವು. ಅಕ್ಕನ ಅಂಗಳವೆಂದರೆ ಯಾರ ಅಂಗಳವೂ ಅಲ್ಲವಲ್ಲ, ಅಲ್ಲೇ ಬಿದ್ದಿರಲಿ ಎಂದು ಇಬ್ಬರೂ ಒಪ್ಪಿದರು. ಅವರಿಬ್ಬರೂ ಸೇರಿ ಒಪ್ಪಿದ ಕೊನೆಯ ಮಾತು ಅದು. ಅಂಗಳದ ಒಡತಿಯನ್ನು ಯಾರೂ ಕೇಳಲಿಲ್ಲ.

ಅಕ್ಕ ದರ್ಜಿ. ಮನೆಯ ಮುಂಭಾಗದ ಕೋಣೆಯೇ ಅಂಗಡಿ. ಬೀದಿಗೆ ತೆರೆದ ಬಾಗಿಲು, ಬಾಗಿಲ ಪಕ್ಕಕ್ಕೆ ಹೊಲಿಗೆ ಮೆಷೀನು, ಗೋಡೆಯುದ್ದಕ್ಕೂ ಬಟ್ಟೆ ಕತ್ತರಿಸುವ ಹಲಗೆ, ಅಂಗಳದ ಕಡೆಗೊಂದು ಕಿಟಕಿ. ಮದುವೆಯಾಗಲಿಲ್ಲ. ಮೊದಲು ತಮ್ಮಂದಿರು ಚಿಕ್ಕವರೆಂದು, ಆಮೇಲೆ ಅಪ್ಪನಿಗೆ ಹುಷಾರಿಲ್ಲವೆಂದು, ಕೊನೆಗೆ ಕೇಳುವವರೇ ಇಲ್ಲವೆಂದು. ಬೀದಿಯವರು ಕರೆಯುವುದು ಕತ್ತರಿ ಅಕ್ಕ ಅಂತ. ನಾಲಿಗೆಯಿಂದ ಬಂದ ಹೆಸರಲ್ಲ ಅದು, ಕೈಯಿಂದ ಬಂದದ್ದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಬಟ್ಟೆ ಕತ್ತರಿಸಿದರೂ ಹೋಯಿತು ಎಂದು ಅವಳು ಸೇರಿಸುತ್ತಿದ್ದಳು. ಕಣ್ಣಿಗೆ ಕನ್ನಡಕ ಬಂದರೂ, ತಲೆ ನರೆತರೂ ಒಂದು ತೋಳು, ಒಂದು ಕಾಲರು ತಪ್ಪಿ ಕತ್ತರಿಸಿದವಳಲ್ಲ. ಅವಳಿಗಿದ್ದ ಆಸ್ತಿ ಅದೊಂದೇ ಹೆಸರು.

ತಮ್ಮಂದಿರಿಗೂ ಬೀದಿ ಹೆಸರಿಟ್ಟಿತ್ತು. ದೊಡ್ಡವನು ಗೇಟು, ಕಿಟಕಿ ಸರಳು ಮಾಡುವ ವೆಲ್ಡರು. ಅವನು ಗೇಟು. ಸಣ್ಣವನು ಗಾಡಿಗಳ ಸೈಲೆನ್ಸರ್ ರಿಪೇರಿಯವನು, ಅವನು ಸೈಲೆನ್ಸರು. ಗೇಟು ಬಾಯಿ ತೆಗೆಯಲ್ಲ, ಸೈಲೆನ್ಸರು ಬಾಯಿ ಮುಚ್ಚಲ್ಲ ಎಂದು ಟೀ ಅಂಗಡಿಯಲ್ಲಿ ಜನ ನಗುತ್ತಿದ್ದರು. ಇಬ್ಬರಿಗೂ ಬೆಸುಗೆ ಕಲಿಸಿದವನು ಅಪ್ಪ.

ಜಗಳ ಶುರುವಾದದ್ದು ಒಂದು ನೆಗ್ಗಿನಿಂದ. ಊರಾಚೆ ಬೆಟ್ಟಕ್ಕೆ ಹೋಗುವ ಕಲ್ಲುದಾರಿಯೊಂದಿದೆ. ದಾರಿ ಎಂದು ಕರೆಯುವುದು ದಾಕ್ಷಿಣ್ಯಕ್ಕೆ. ಬಂಡೆಯ ಮೇಲೊಂದು ಚಕ್ರ, ಹಳ್ಳದೊಳಗೊಂದು ಚಕ್ರ ಇಟ್ಟು ಜೀಪು ಆಮೆಯಂತೆ ಏರಬೇಕು. ಅಪ್ಪನಿಗೆ ಅದೊಂದು ಹುಚ್ಚು. ಅಪ್ಪ ಹೋದ ಮೇಲೆ ತಮ್ಮಂದಿರಿಬ್ಬರೇ ಒಂದು ದಿನ ಹೋದರು. ಅಕ್ಕನಿಗೆ ಅಂದು ಜ್ವರ. ವಾಪಸು ಬರುವಾಗ ಡ್ರೈವರ್ ಕಡೆಯದಲ್ಲದ ಬಾಗಿಲ ಕೆಳಗಿನ ಅಂಚು ಬಂಡೆಗೆ ಕೂತು ಅಪ್ಪಚ್ಚಿಯಾಗಿತ್ತು, ಬಾಗಿಲು ತೆರೆಯುತ್ತಿರಲಿಲ್ಲ. ಇಬ್ಬರೂ ಸರದಿಯ ಮೇಲೆ ಓಡಿಸಿದ್ದರು. ಇವನು ಕೂರಿಸಿದ್ದೆಂದು ಅವನು, ಅವನು ಕೂರಿಸಿದ್ದೆಂದು ಇವನು. ಒಂದು ನೆಗ್ಗಿಗೆ ಅಪ್ಪನ ಕಾಲದ ಕಸವೆಲ್ಲ ಹೊರಗೆ ಬಂತು. ಅಪ್ಪ ಯಾರನ್ನು ಹೊಗಳಿದ, ಯಾರಿಗೆ ಬೈದ, ಯಾರ ಬೆಸುಗೆ ನೋಡಿ ಮುಖ ತಿರುಗಿಸಿದ. ತಾನೊಬ್ಬಳು ಹೋಗಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಎಂದು ಅಕ್ಕ ಕೊರಗಿದಳು.

ಯಾಕೆಂದರೆ ಅಪ್ಪನ ಕಾಲದಲ್ಲಿ ಅವಳಿಲ್ಲದೆ ಜೀಪು ಬೆಟ್ಟ ಹತ್ತಿದ್ದೇ ಇಲ್ಲ. ಎರಡು ಬಂಡೆಗಳ ನಡುವೆ ಇಕ್ಕಟ್ಟು ಬಂದರೆ ಅಪ್ಪ ಜೀಪು ನಿಲ್ಲಿಸಿ, "ಮಗಳೇ, ಇಳಿ. ಅಳತೆ ಹೇಳು" ಎನ್ನುತ್ತಿದ್ದ. ಅವಳು ಕೊರಳಲ್ಲಿನ ಟೇಪು ತೆಗೆದು ಬಂಡೆಗೆ ಹಿಡಿದು, "ಬಾಪ್ಪಾ, ಎರಡು ಬೆರಳು ಮಿಗುತ್ತೆ" ಎಂದರೆ ಮುಗಿಯಿತು, ಅಪ್ಪ ಕಣ್ಣುಮುಚ್ಚಿ ನುಗ್ಗಿಸುತ್ತಿದ್ದ. ತಮ್ಮಂದಿರಿಬ್ಬರೂ ಹಿಂದಿನ ಸೀಟಲ್ಲಿ ಬಾಯಿ ಬಿಟ್ಟುಕೊಂಡು ಕೂತಿರುತ್ತಿದ್ದರು. ಮತ್ತೊಮ್ಮೆ ಮೂವರೂ ಆ ಜೀಪಿನಲ್ಲಿ ಕೂತು ಬೆಟ್ಟ ಹತ್ತಬೇಕು. ಅವಳಿಗೆ ಬೇಕಾಗಿದ್ದುದು ಇಷ್ಟೇ. ಬೇರೆ ಯಾವ ಆಸೆಯನ್ನೂ ಅವಳು ಇಷ್ಟು ದಿನ ಇಟ್ಟುಕೊಂಡಿರಲಿಲ್ಲ.

ಅದಕ್ಕೆ ಹೂಡಿದ ಉಪಾಯ ರಾಕ್ ಸ್ಲೈಡರು. ಜೀಪಿನ ಎರಡೂ ಬದಿಗೆ, ಬಾಗಿಲ ಕೆಳಗೆ ಉದ್ದಕ್ಕೆ ಕೂರುವ ದಪ್ಪ ಪೈಪು ಅದು. ಬಂಡೆ ತಗುಲಿದರೆ ಜೀಪಿನ ಮೈ ನೆಗ್ಗುವ ಬದಲು ಪೈಪು ಬಂಡೆಯ ಮೇಲೆ ಜಾರಿಕೊಂಡು ದಾಟಿಸುತ್ತದೆ. ಅಂಗಡಿಯಲ್ಲಿ ಸಿಗುತ್ತದೆ ನಿಜ. ಆದರೆ ವೆಲ್ಡರನ ಮಕ್ಕಳು ಅಂಗಡಿಯಿಂದ ತಂದರೆ ಬೀದಿ ಏನನ್ನುತ್ತದೆ?

ಮೊದಲು ದೊಡ್ಡವನ ಶೆಡ್ಡಿಗೆ ಹೋದಳು.

"ಒಂದು ಕಡೆದು ನೀನು ಮಾಡು. ಇನ್ನೊಂದು ಕಡೆದು ಅವನು ಮಾಡ್ತಾನೆ. ಮುಖ ನೋಡೋದು ಬೇಡ, ಮಾತಾಡೋದು ಬೇಡ. ಕೂರಿಸೋ ದಿನ ಬಂದ್ರೆ ಸಾಕು. ಆಮೇಲೆ ಮೂರೂ ಜನ ಬೆಟ್ಟಕ್ಕೆ ಹೋಗೋಣ."

ದೊಡ್ಡವನು ವೆಲ್ಡಿಂಗ್ ಗಾಜು ಮೇಲೆತ್ತಿ ಅವಳನ್ನು ನೋಡಿದ. "ನಿನ್ನ ಮುದ್ದಿನ ತಮ್ಮ ಒಪ್ಪಿದ್ನಾ?"

"ಒಪ್ತಾನೆ."

"ನನಗ್ಯಾವ ಕಡೆ?"

"ಡ್ರೈವರ್ ಕಡೆ. ನೀನು ದೊಡ್ಡವನಲ್ವೇನೋ."

"ಹ್ಞೂಂ," ಎಂದ. ಗೇಟು ಅಷ್ಟು ತೆರೆದದ್ದೇ ಹೆಚ್ಚು.

ಸಣ್ಣವನ ಹತ್ತಿರ ಅಷ್ಟು ಸಲೀಸಲ್ಲ. ಅವನು ಗಾಡಿಯ ಕೆಳಗಿಂದಲೇ ಮಾತಾಡಿದ. ಹೊರಗೆ ಕಾಣುತ್ತಿದ್ದದ್ದು ಬರೀ ಕಾಲು.

"ಡ್ರೈವರ್ ಕಡೆ ಅವನಿಗಾ? ಯಾಕೆ?"

"ದೊಡ್ಡವನು ಕಣೋ."

"ದೊಡ್ಡವನು, ದೊಡ್ಡವನು! ಹುಟ್ಟೋದ್ರಲ್ಲಿ ಒಂದು ಹೆಜ್ಜೆ ಮುಂದೆ ಬಂದಿದ್ದು ಬಿಟ್ರೆ ಇನ್ಯಾವುದ್ರಲ್ಲಿ ದೊಡ್ಡವನು ಅಂತ ಹೇಳಕ್ಕಾ. ಅಪ್ಪ ಕಾಲಿಟ್ಟು ಹತ್ತುತಿದ್ದ ಕಡೆ ಅದು. ಅದು ಅವನಿಗೆ. ನೆಗ್ಗಿರೋ ಕಡೆ ನನಗೆ. ಅಂದ್ರೆ ನೆಗ್ಗಿಸಿದ್ದು ನಾನೇ ಅಂತ ಊರಿಗೆಲ್ಲ ಸಾರಿದ ಹಾಗಾಯ್ತು."

"ಹಾಗೆ ಯಾರೂ ಅನ್ನಲ್ಲ ಮಾರಾಯ. ನನ್ನ ಮುಖ ನೋಡಿ ಒಪ್ಕೋ."

ಕಾಲು ಹಿಮ್ಮಡಿಯಿಂದ ನೆಲ ಕೆರೆಯಿತು. "ಆಯ್ತು ಬಿಡು," ಎಂದಿತು.

ಮಾತಿನ ಮಲ್ಲ ಇಷ್ಟು ಬೇಗ ಸೋತದ್ದು ಕಂಡು ಅವಳಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಬೇಕಾದ ಉತ್ತರ ಸಿಕ್ಕಾಗ ಯಾರು ತಾನೇ ಮತ್ತೊಮ್ಮೆ ಕೇಳುತ್ತಾರೆ?

ಫ್ರಿಜ್ಜು ಬಂದಿದ್ದ ದೊಡ್ಡ ರಟ್ಟಿನ ಪೆಟ್ಟಿಗೆ ಬಿಚ್ಚಿ, ಜೀಪಿನ ಕೆಳಗೆ ಅಂಗಾತ ಮಲಗಿ ಅವಳೇ ಅಳತೆ ತೆಗೆದಳು. ಇಬ್ಬರೂ ಒಂದೇ ದಿನ ಬಂದು ಎದುರುಬದುರಾಗಬಾರದಲ್ಲ, ಅದಕ್ಕೆ. ಪೈಪಿನಿಂದ ಜೀಪಿನ ಅಡಿಯ ಉಕ್ಕಿನ ಚೌಕಟ್ಟಾದ ಚಾಸಿಗೆ ಮೂರು ಕಾಲು ಹೋಗಬೇಕು. ಮೈಗೆ ಕಟ್ಟಬೇಡ, ಮೂಳೆಗೆ ಕಟ್ಟು ಎಂದು ಅಪ್ಪ ಹೇಳುತ್ತಿದ್ದ. ಮೈಯ ತಗಡಿಗೆ ಬೆಸೆದರೆ ಬಂಡೆಯ ಏಟು ನೇರ ಬಾಗಿಲಿಗೇ ಹೋಗುತ್ತದೆ. ಆ ಮೂರು ಕಾಲುಗಳ ನಡುವಿನ ಅಂತರ ಒಂದೇ ಸಮ ಇಲ್ಲ, ಮುಂದೆ ಕಡಿಮೆ, ಹಿಂದೆ ಹೆಚ್ಚು. ಪೈಪಿನ ಹಿಂದಿನ ತುದಿ ಹೊರಗೆ ಬಾಗಬೇಕು, ತಿರುವಿನಲ್ಲಿ ಬಂಡೆಯಿಂದ ಜೀಪಿನ ಬಾಲವನ್ನು ದೂರ ತಳ್ಳಲು. ಹಾಗಾಗಿ ಆ ಕಡೆಯದು ಈ ಕಡೆಗೆ ಬರುವುದಿಲ್ಲ, ಈ ಕಡೆಯದು ಆ ಕಡೆಗೆ ಕೂರುವುದಿಲ್ಲ. ಥೇಟ್ ಅಂಗಿಯ ತೋಳು. ಅಚ್ಚು ಒಂದೇ. ಹೀಗಿಟ್ಟರೆ ಒಂದು ತೋಳು, ಮಗುಚಿ ಹಾಕಿದರೆ ಇನ್ನೊಂದು.

ರಟ್ಟಿನ ಒಂದು ಮುಖಕ್ಕೆ ಸೀಮೆಸುಣ್ಣದಿಂದ ಸ್ಟಿಯರಿಂಗಿನ ಹಾಗೆ ಒಂದು ಸೊನ್ನೆ ಬರೆದಳು, ಇನ್ನೊಂದು ಮುಖಕ್ಕೆ ಗುಣಾಕಾರದ ಗುರುತು. ದೊಡ್ಡವನಿಗೆ, ಸೊನ್ನೆ ಮೇಲೆ ಬರಬೇಕು ಎಂದಳು. ಅವನ ಕೆಲಸ ಮುಗಿದ ಮೇಲೆ ಅದೇ ರಟ್ಟನ್ನು ಸಣ್ಣವನಿಗೆ ಒಯ್ದು ಕೊಟ್ಟು, ಗುಣಾಕಾರ ಮೇಲೆ ಬರಬೇಕು ಎಂದಳು. ಮಗ್ಗಿ ಬಾರದ ಮಕ್ಕಳಿಗೆ ಹೇಳಿದ ಹಾಗೆ ಹೇಳಿದಳು.

ಆಮೇಲೊಂದು ಮಧ್ಯಾಹ್ನ ಸಣ್ಣವನು ಅಂಗಳಕ್ಕೆ ಬಂದ. ಅಕ್ಕ ಯಾರದೋ ಕೋಟಿಗೆ ಗುಂಡಿ ಹಾಕುತ್ತಿದ್ದಳು. ಕಿಟಕಿಯಿಂದ ನೋಡಿದರೆ ಅವನು ಜೀಪಿನ ಡ್ರೈವರ್ ಕಡೆ ಕುಕ್ಕರಗಾಲಲ್ಲಿ ಕೂತು ಬಾಗಿಲ ಕೆಳಗಿನ ಅಂಚನ್ನು ಗೇಣಿನಿಂದ ಗೇಣಿಗೆ ನಿಧಾನವಾಗಿ ಸವರುತ್ತಿದ್ದ. ಅಪ್ಪ ಕಾಲಿಟ್ಟು ಹತ್ತುತ್ತಿದ್ದ ಜಾಗ. ಅಯ್ಯೋ ಪಾಪ, ಬಾಯಿ ದೊಡ್ಡದಾದಷ್ಟೇ ಕರುಳೂ ದೊಡ್ಡದು ಎಂದುಕೊಂಡಳು. ಅವಳ ಕಣ್ಣು ತುಂಬಿತು. ಅವನನ್ನು ಕರೆದು ಆ ಗಳಿಗೆಯನ್ನು ಕೆಡಿಸಬಾರದೆಂದು ಸದ್ದಿಲ್ಲದೆ ಎದ್ದು ಒಳಗೆ ಹೋಗಿ ಟೀಗೆ ಇಟ್ಟಳು. ಟೀ ತರುವಷ್ಟರಲ್ಲಿ ಅವನು ಹೋಗಿದ್ದ. ಕೈಯಲ್ಲಿ ಅಳತೆ ಟೇಪು ಇತ್ತೋ ಇಲ್ಲವೋ ಅವಳು ನೋಡಿರಲಿಲ್ಲ.

ಕೂರಿಸುವ ದಿನ ಬಂತು. ಅಕ್ಕ ಬೆಳಿಗ್ಗೆಯೇ ತಲೆ ಬಾಚಿ, ಕ್ಯಾನ್ವಾಸ್ ಬೂಟು ಹಾಕಿ, ಬೆಟ್ಟಕ್ಕೆಂದು ಚೀಲದಲ್ಲಿ ನೀರು, ತಿನ್ನಲು ಬನ್ನು ತುಂಬಿ, ಕೊರಳಿಗೆ ಟೇಪು ಹಾಕಿಕೊಂಡು ಸಿದ್ಧಳಾಗಿದ್ದಳು. ದೊಡ್ಡವನು ತಳ್ಳುಗಾಡಿಯಲ್ಲಿ ಗೋಣಿ ಸುತ್ತಿದ ಸ್ಲೈಡರು ತಂದ. ಸಣ್ಣವನು ತನ್ನದನ್ನು ಹೆಗಲ ಮೇಲೆ ಹೊತ್ತು ತಂದ, ದಾರಿಯಲ್ಲಿ ಸಿಕ್ಕವರೆಲ್ಲ ಕೇಳಲಿ ಎಂದು. ಇಬ್ಬರೂ ಅಂಗಳದಲ್ಲಿ ಬಿಚ್ಚಿ ಅಕ್ಕಪಕ್ಕ ಮಲಗಿಸಿದರು.

ಎರಡೂ ಚೆಂದವಿದ್ದವು. ದೊಡ್ಡವನ ಬೆಸುಗೆ ಇರುವೆಸಾಲಿನಂತೆ ಒಂದೇ ಸಮ. ಸಣ್ಣವನದು ಸ್ವಲ್ಪ ಉಬ್ಬು, ಆದರೆ ಗಟ್ಟಿ. ಎರಡಕ್ಕೂ ಕಪ್ಪು ಬಣ್ಣ. ಮೊದಲು ಕಂಡದ್ದು ಅಕ್ಕನಿಗೇ. ಅವಳ ಕಣ್ಣು ಅಂಥದ್ದು. ಒಂದೇ ಕೈಯ ಎರಡು ತೋಳು ಅಂಗಳದಲ್ಲಿ ಮಲಗಿದ್ದವು.

ದೊಡ್ಡವನು ಬಗ್ಗಿ ನೋಡಿದ. ಎದ್ದು ನಿಂತ. ತಮ್ಮನನ್ನು ನೋಡಲಿಲ್ಲ, ಅಕ್ಕನನ್ನು ನೋಡಿದ.

"ಅಕ್ಕಾ, ಅವನನ್ನ ಕೇಳು. ಇದ್ಯಾವ ಕಡೆಗೆ ಮಾಡಿದಾನೆ ಅಂತ."

"ಅಕ್ಕಾ, ಅವನಿಗೆ ಹೇಳು. ಡ್ರೈವರ್ ಕಡೆಗೆ ಅಂತ."

"ಡ್ರೈವರ್ ಕಡೆದು ನಂದಲ್ವಾ?"

"ಯಾರು ಹೇಳಿದ್ದು?"

"ಅಕ್ಕ ಹೇಳಿದ್ಲು."

"ನನಗೂ ಅಕ್ಕನೇ ಹೇಳಿದ್ದು," ಎಂದ ಸಣ್ಣವನು. ಕಣ್ಣು ಮಿಟುಕಿಸಲಿಲ್ಲ. "ಡ್ರೈವರ್ ಕಡೆ ಮಾಡೋ ಅಂದ್ಲು, ಮಾಡಿದೆ. ಅಲ್ವೇನಕ್ಕಾ?"

ಇಷ್ಟು ದಿನಗಳ ಮೇಲೆ ಒಬ್ಬರಿಗೊಬ್ಬರು ನೇರ ಮಾತಾಡಿದ್ದರು ಎಂಬುದು ಅವರಿಬ್ಬರ ಗಮನಕ್ಕೆ ಬರಲಿಲ್ಲ. ಅಕ್ಕನ ಗಮನಕ್ಕೆ ಬಂತು.

ರಟ್ಟು ಅಲ್ಲೇ ಇತ್ತು, ಅಂಗಡಿಯ ಗೋಡೆಗೆ ಒರಗಿಕೊಂಡು. ಸೊನ್ನೆ ಒಂದು ಕಡೆ, ಗುಣಾಕಾರ ಒಂದು ಕಡೆ. ತಂದು ಮುಖಕ್ಕೆ ಹಿಡಿಯಬಹುದಿತ್ತು. ಸುಳ್ಳ ನನ್ಮಗನೇ, ಏನು ಹೇಳಿದ್ದೆ ನಿನಗೆ ಎಂದು ಕಿವಿ ಹಿಂಡಬಹುದಿತ್ತು. ಬಾಯಿ ತೆರೆದೇಬಿಟ್ಟಿದ್ದಳು. ಅಷ್ಟರಲ್ಲಿ ದೊಡ್ಡವನ ಕೈ ನೋಡಿದಳು. ಅದು ಆಗಲೇ ತನ್ನ ಸ್ಲೈಡರಿನ ಮೇಲೆ ಹೋಗಿತ್ತು. ಎತ್ತಿ ತಳ್ಳುಗಾಡಿಗೆ ಹಾಕಿದರೆ ಮುಗಿಯಿತು, ಇನ್ನು ಅವನು ಈ ಅಂಗಳ ತುಳಿಯುವುದಿಲ್ಲ. ಜೀಪು ಇಲ್ಲೇ ತುಕ್ಕು ಹಿಡಿಯುತ್ತದೆ. ಅವಳೂ ಅದರ ಪಕ್ಕದಲ್ಲಿ.

"ಹೌದು ಕಣೋ," ಎಂದಳು. "ನಾನೇ ತಪ್ಪು ಹೇಳಿದೆ. ಇಬ್ಬರಿಗೂ ಅದೇ ಹೇಳಿಬಿಟ್ಟಿದೀನಿ ಅನ್ಸುತ್ತೆ. ವಯಸ್ಸಾಯ್ತಲ್ಲ."

ದೊಡ್ಡವನ ಕೈ ನಿಂತಿತು. ಅವಳನ್ನು ನೋಡಿದ, ಸ್ಲೈಡರುಗಳನ್ನು ನೋಡಿದ. ಆಮೇಲೆ ತುಕ್ಕುಹಿಡಿದ ಬಾಗಿಲು ಕಿರುಗುಟ್ಟಿ ತೆರೆದ ಹಾಗೆ ನಕ್ಕುಬಿಟ್ಟ.

"ಕತ್ತರಿ ಅಕ್ಕ! ಊರಿಗೆಲ್ಲ ಅಂಗಿ ಹೊಲಿದು ಮನೆ ಜೀಪಿಗೆ ಒಂದೇ ಕೈಯ ಎರಡು ತೋಳು!"

ಸಣ್ಣವನು ಅವಳ ಕಡೆ ನೋಡುತ್ತಾನೆ, ಒಂದು ಸನ್ನೆಯಾದರೂ ಮಾಡುತ್ತಾನೆ ಎಂದು ಅವಳು ಕಾದಳು. ಅವನು ಅಣ್ಣನ ಕಡೆ ನೋಡಿ, ಅಣ್ಣನಿಗಿಂತ ಜೋರಾಗಿ ನಕ್ಕ.

"ಅಣ್ಣಾ, ಇವಳ ಹತ್ರ ಪ್ಯಾಂಟು ಹೊಲಿಸಬೇಡ. ಎರಡು ಕಾಲೂ ಒಂದೇ ಕಡೆಗೆ ನಡೀತವೆ!"

ಅಣ್ಣಾ ಅಂದ. ಎಷ್ಟು ದಿನಕ್ಕೆ ಅಣ್ಣಾ ಅಂದ. ಅಕ್ಕನೂ ನಕ್ಕಳು. ನಗಬೇಕಿತ್ತಲ್ಲ. ನಗುತ್ತಲೇ ಹೋಗಿ ರಟ್ಟನ್ನು ಬಟ್ಟೆಯ ಉರುಳೆಗಳ ಹಿಂದಕ್ಕೆ ತಳ್ಳಿದಳು.

ಅಲ್ಲಿಂದ ಮುಂದೆ ಅಂಗಳದಲ್ಲಿ ಹಬ್ಬ. ಯಾರದನ್ನು ಕಡಿದು ತಿರುಗಿಸಿ ಬೆಸೆಯುವುದು ಎಂಬ ಮಾತು ಬಂದಾಗ ಇಬ್ಬರಿಗೂ ಧಾರಾಳತನ ಉಕ್ಕಿತು. ನಂದು ಕಡಿ ಅಣ್ಣಾ ಎಂದು ಇವನು, ಏ ನಿಂದ್ಯಾಕೋ, ನಂದೇ ಕಡಿಯೋಣ ಎಂದು ಅವನು. ಕೊನೆಗೆ ಕಡಿದದ್ದು ದೊಡ್ಡವನದನ್ನೇ. ಇರುವೆಸಾಲಿನಂಥ ಆ ಬೆಸುಗೆ ಕಟಿಂಗ್ ಮೆಷೀನಿನ ಚಕ್ರದ ಕೆಳಗೆ ಕಿಡಿ ಹಾರಿ ಹೋಯಿತು. ಕಾಲುಗಳು ಕಳಚಿ ಬಿದ್ದವು. ಅಕ್ಕ ಒಂದೊಂದನ್ನೂ ಸರಿಯಾದ ಕೋನಕ್ಕೆ ಹಿಡಿದುಕೊಂಡಳು, ಅವನು ಬೆಸೆದ. ಹಿಂದಿನ ತುದಿಯ ಬಾಗನ್ನೂ ಕಡಿದು ಆಚೆಗೆ ತಿರುಗಿಸಿದರು. ಹೊಸ ಬೆಸುಗೆ ಅವಸರದ್ದು, ಗಂಟುಗಂಟು. ಡ್ರೈವರ್ ಕಡೆಗೆ ಸಣ್ಣವನದು ಕೂತಿತು, ಕೂದಲೂ ಕೊಂಕದೆ. ಅಪ್ಪ ಕಾಲಿಟ್ಟು ಹತ್ತುತ್ತಿದ್ದ ಜಾಗದಲ್ಲಿ.

"ಯಾಕೋ ಹೀಗೆ ಮಾಡಿದೆ?" ಅಕ್ಕ ಮೆತ್ತಗೆ ಕೇಳಿದಳು, ದೊಡ್ಡವನು ಬಣ್ಣದ ಡಬ್ಬಿ ತೆರೆಯಲು ಆಚೆ ಹೋದಾಗ.

"ಏನು ಮಾಡಿದೆ?"

"ಗುಣಾಕಾರ ಮೇಲೆ ಬರಬೇಕು ಅಂದಿರ್ಲಿಲ್ವಾ ನಾನು?"

ಅವನು ಅವಳ ಮುಖವನ್ನು ಕನಿಕರದಿಂದ ನೋಡಿದ. ನಿಜವಾದ ಕನಿಕರ. "ಈಗ ತಾನೇ ನೀನೇ ಒಪ್ಕೊಂಡೆಯಲ್ಲಕ್ಕಾ. ಹೋಗ್ಲಿ ಬಿಡು, ಮನಸ್ಸಿಗೆ ಹಚ್ಕೋಬೇಡ. ತಪ್ಪು ಯಾರು ಮಾಡಲ್ಲ?"

ಅವಳೇ ಕತ್ತರಿಸಿ, ಹೊಲಿದು, ಇಸ್ತ್ರಿ ಮಾಡಿ ಕೊಟ್ಟ ಸುಳ್ಳನ್ನು ಅವನು ಆಗಲೇ ತೊಟ್ಟುಕೊಂಡಿದ್ದ. ಅಳತೆಗೆ ಸರಿಯಾಗಿ ಕೂತಿತ್ತು.

ಸ್ಲೈಡರಿನ ಕಾಲನ್ನು ಬಿಗಿಯುವ ಕೊನೆಯದೊಂದು ನಟ್ಟು ಡೀಸೆಲ್ ಟ್ಯಾಂಕಿಗೂ ಚಾಸಿಗೂ ನಡುವಿನ ಸಂದಿಯಲ್ಲಿತ್ತು. ತಮ್ಮಂದಿರ ಕೈ ಹೋಗಲಿಲ್ಲ. ಅಕ್ಕನ ಕೈ ಸಣ್ಣದು, ನೀನೇ ಮಲಗಕ್ಕಾ ಎಂದರು. ಮಲಗಿದಳು. ಜೀಪಿನ ಕೆಳಗೆ ಎಣ್ಣೆಯ, ಹಳೇ ಮಣ್ಣಿನ ವಾಸನೆ. ಕಾಣುತ್ತಿದ್ದದ್ದು ನಾಲ್ಕು ಕಾಲುಗಳು, ಕೇಳುತ್ತಿದ್ದದ್ದು ಎರಡು ದನಿ.

"ಅಪ್ಪ ಇದ್ದಿದ್ರೆ ಏನಂತಿದ್ದ ಹೇಳು," ಎಂದಿತು ಸಣ್ಣ ದನಿ.

"ಮಗಳ ಕೈಗೆ ಟೇಪು ಕೊಡಬೇಡ್ರೋ ಅಂತಿದ್ದ," ಎಂದಿತು ದೊಡ್ಡದು.

"ನೆಗ್ಗಿದ ದಿನಾನೂ ಇವಳು ಬಂದಿದ್ರೆ, ಎರಡು ಬೆರಳು ಮಿಗುತ್ತೆ ಬಾ ಅಂತ ಬಂಡೆ ಮೇಲೇ ಹತ್ತಿಸ್ತಿದ್ಲು!"

ಇಬ್ಬರೂ ನಕ್ಕರು. ಜೀಪಿನ ಮೈ ತಟ್ಟಿ ತಟ್ಟಿ ನಕ್ಕರು. ಉದುರಿದ ತುಕ್ಕು ಅಕ್ಕನ ಕಣ್ಣಿಗೆ ಬಿತ್ತು. ಸ್ಪ್ಯಾನರು ಕೈಯಲ್ಲಿತ್ತು. ಈ ನಟ್ಟನ್ನು ಹೀಗೇ ಬಿಟ್ಟರೆ ಯಾರಿಗೂ ತಿಳಿಯದು, ಮೊದಲ ಬಂಡೆಗೇ ತಿಳಿಯುತ್ತದೆ. ಹಾಗೆಂದು ಯೋಚಿಸಿದಳೇ ಹೊರತು ಅವಳಿಂದ ಆಗಲಿಲ್ಲ. ಸಡಿಲ ಹೊಲಿಗೆ ಅವಳ ಕೈಗೆ ಬಾರದು. ತೋಳು ನೋಯುವ ತನಕ ಬಿಗಿದಳು, ಆಮೇಲೆ ಇನ್ನೂ ಅರ್ಧ ಸುತ್ತು ಬಿಗಿದಳು.

ಹೊರಗೆ ಬಂದಾಗ ದೊಡ್ಡವನು ಸ್ಲೈಡರಿನ ಕೆಳಗೆ ಜಾಕ್ ಇಟ್ಟು ಎತ್ತುತ್ತಿದ್ದ. ಇಡೀ ಜೀಪು ಒಂದು ಬದಿಗೆ ಮೇಲೆದ್ದಿತು, ಚಕ್ರಗಳು ನೆಲ ಬಿಟ್ಟವು. ಪೈಪು ಬಗ್ಗಲಿಲ್ಲ, ಬೆಸುಗೆ ಬಿಡಲಿಲ್ಲ. ಇಬ್ಬರೂ ಒಬ್ಬರ ಬೆನ್ನು ಒಬ್ಬರು ಚಪ್ಪರಿಸಿದರು. ಇನ್ನೊಂದು ಬದಿಯೂ ಹಾಗೇ ಎದ್ದಿತು. ಇನ್ಯಾಕೆ ತಡ, ಈಗಲೇ ಬೆಟ್ಟಕ್ಕೆ ಎಂದರು.

ಅಕ್ಕ ಕೈ ತೊಳೆದು ಚೀಲ ಎತ್ತಿಕೊಂಡು ಬಂದಳು. ಅಷ್ಟರಲ್ಲಿ ಹಿಂದಿನ ಸೀಟಿನ ಮೇಲೆ ಜಾಕು, ಹಗ್ಗ, ಕಟಿಂಗ್ ಮೆಷೀನು, ಹೆಚ್ಚುವರಿ ಚಕ್ರ, ಉಪಕರಣದ ಪೆಟ್ಟಿಗೆ ಎಲ್ಲ ಏರಿ ಕೂತಿದ್ದವು. ಡ್ರೈವರ್ ಸೀಟಿನಲ್ಲಿ ಸಣ್ಣವನು, ಪಕ್ಕದಲ್ಲಿ ದೊಡ್ಡವನು. ನೆಗ್ಗಿದ ಬಾಗಿಲು ತೆರೆಯುವುದಿಲ್ಲವಲ್ಲ, ಅವನು ಈ ಕಡೆಯಿಂದಲೇ ಹತ್ತಿ ಜಾರಿಕೊಂಡಿದ್ದ.

"ಅಯ್ಯೋ, ಅಕ್ಕಾ," ಎಂದ ದೊಡ್ಡವನು, ಈಗಷ್ಟೇ ನೆನಪಾದವನಂತೆ. "ಜಾಗ ಎಲ್ಲಿದೆ? ಬಂಡೆ ಮೇಲೆ ಕೆಟ್ಟು ನಿಂತ್ರೆ ಸಾಮಾನು ಬೇಕಲ್ಲ."

"ಪೆಟ್ಟಿಗೆ ಕಾಲ ಹತ್ರ ಇಟ್ಕೊತೀನಿ. ಎಲ್ಲೋ ಒಂದ್ಕಡೆ ಮುದುಡಿಕೊಂಡು ಕೂರ್ತೀನಿ."

"ಬೇಡಕ್ಕಾ, ಕುಲುಕಾಟಕ್ಕೆ ಸೊಂಟ ಹಿಡ್ಕೊಳುತ್ತೆ. ವಯಸ್ಸಾಯ್ತು ಅಂತ ನೀನೇ ಅಂದೆಯಲ್ಲ," ಎಂದ ಸಣ್ಣವನು. "ಮುಂದಿನ ಸಲ ಖಂಡಿತ."

"ಇಕ್ಕಟ್ಟಲ್ಲಿ ಅಳತೆ ಯಾರು ಹೇಳ್ತಾರೋ?"

ಕೇಳಬಾರದಿತ್ತು. ಕೇಳಿದ ಕೂಡಲೇ ಅವಳಿಗೇ ಗೊತ್ತಾಯಿತು. ಇಬ್ಬರೂ ಮುಖ ಮುಖ ನೋಡಿಕೊಂಡರು. ತುಟಿ ಬಿಗಿಹಿಡಿದರು. ಆಗಲಿಲ್ಲ. ಪಕ್ಕನೆ ನಗು ಒಡೆಯಿತು. ಚಿಕ್ಕವರಿದ್ದಾಗ ಹಿಂದಿನ ಸೀಟಿನಲ್ಲಿ ಒಬ್ಬರನ್ನೊಬ್ಬರು ಚಿವುಟಿ ನಗುತ್ತಿದ್ದರಲ್ಲ, ಅದೇ ನಗು. ಸಣ್ಣವನು ಚೀಲಕ್ಕೆ ಕೈ ಚಾಚಿದ. "ಬನ್ನು ಕೊಡಕ್ಕಾ, ದಾರೀಲಿ ಆಗುತ್ತೆ."

ಕೊಟ್ಟಳು. ಜೀಪು ಬೀದಿಗಿಳಿಯಿತು. ಟೀ ಅಂಗಡಿಯ ಮುಂದೆ ನಿಂತಿತು. ಸಣ್ಣವನು ಹೊರಗೆ ಬಾಗಿ ತನ್ನ ಸ್ಲೈಡರು ತಟ್ಟಿ ಏನೋ ಹೇಳಿದ. ಅಲ್ಲಿದ್ದವರೆಲ್ಲ ಕತ್ತು ತಿರುಗಿಸಿ ಅಕ್ಕನ ಅಂಗಡಿಯ ಕಡೆ ನೋಡಿ ನಕ್ಕರು. ಆಮೇಲೆ ಜೀಪು ತಿರುವಿನಲ್ಲಿ ಮರೆಯಾಯಿತು.

ಅವಳು ಬೂಟು ಬಿಚ್ಚಲಿಲ್ಲ. ಹಾಗೇ ಹಲಗೆಯ ಮುಂದೆ ನಿಂತಳು. ಕೋಟು ಹೊಲಿಯಲು ಕೊಟ್ಟಿದ್ದ ಗುಮಾಸ್ತ ಬಂದ. ಟೀ ಅಂಗಡಿಯ ಮುಂದೆಯೇ ಹಾದು ಬಂದಿದ್ದನೆಂದು ಅವನ ಮುಖವೇ ಹೇಳುತ್ತಿತ್ತು.

"ಏನಕ್ಕಾ, ಗುಂಡಿ ಹಾಕಿ ಆಯ್ತಾ? ತೋಳು ಎರಡೂ ಬೇರೆ ಬೇರೆ ಕೈಗೇ ತಾನೇ?"

"ಹಾಕಿ ನೋಡಿ," ಎಂದಳು.

ತಮಾಷೆಗೆ ಅಂದದ್ದು ಎಂದು ಅವನು ಹೇಳಿದ. ಆದರೂ ಹಾಕಿ ನೋಡಿದ. ಒಂದು ಕೈ, ಇನ್ನೊಂದು ಕೈ, ಕನ್ನಡಿಯ ಮುಂದೆ ಎರಡನ್ನೂ ಚಾಚಿ. ಸರಿಯಾಗಿದೆ ಎಂದು ಸಮಾಧಾನಪಟ್ಟುಕೊಂಡು ಹೋದ.

ಅವಳು ಇನ್ನೊಬ್ಬರ ಬಟ್ಟೆ ಬಿಡಿಸಿ ಹಲಗೆಯ ಮೇಲೆ ಹರವಿದಳು. ತೋಳಿನ ಕಾಗದದ ಅಚ್ಚು ಇಟ್ಟು ಸೀಮೆಸುಣ್ಣ ಎಳೆದಳು. ಅಚ್ಚು ಮಗುಚಿ ಇಟ್ಟು ಮತ್ತೆ ಎಳೆದಳು. ಕತ್ತರಿ ಬಾಯಿ ತೆರೆದು ಬಟ್ಟೆಯ ಅಂಚಿಗೆ ಬಂದು ನಿಂತಿತು.

ನಿಂತೇ ಇತ್ತು. ಮಗುಚಿದ್ದೇನೆ ತಾನೇ? ಅವಳು ಕತ್ತರಿ ಕೆಳಗಿಟ್ಟು ಅಚ್ಚನ್ನು ಎತ್ತಿ ತಿರುಗಿಸಿ ನೋಡಿದಳು. ಸರಿಯಾಗಿತ್ತು. ಮತ್ತೆ ಇಟ್ಟಳು. ಕತ್ತರಿ ಎತ್ತಿಕೊಂಡಳು. ಒಂದು ಸಲ ಇನ್ನೂ ನೋಡಿಬಿಡೋಣ ಎಂದುಕೊಂಡು ಮತ್ತೆ ಕೆಳಗಿಟ್ಟಳು.